ಅಪ್‌ಡೇಟ್ ಹೊತ್ತಿಗೆ ಕಂಪ್ಯೂಟರ್ ಹ್ಯಾಂಗ್: ಏಕೆ ಆಗುತ್ತದೆ, ಏನು ಮಾಡಬೇಕು?

ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡುತ್ತೀರಿ. ಪರದೆ ಬರುತ್ತದೆ, ಮೌಸ್ ಬಾಣವೂ ಅಲ್ಲಾಡುತ್ತದೆ, ಆದರೆ ಕ್ಲಿಕ್ ಮಾಡಿದ್ದು ಯಾವುದೂ ತೆರೆಯುವುದಿಲ್ಲ. ನೀಲಿ ರೌಂಡು ತಿರುಗುತ್ತಲೇ ಇರುತ್ತದೆ. ತೆರೆದಿದ್ದ ಫೈಲಿನ ನೆತ್ತಿಯ ಮೇಲೆ ‘ನಾಟ್ ರೆಸ್ಪಾಂಡಿಂಗ್’ ಎಂದು ಬರುತ್ತದೆ. ಕೌಂಟರಿನ ಆಚೆ ಪಹಣಿಗೆ ಬಂದ ರೈತರು, ಆದಾಯ ಪ್ರಮಾಣಪತ್ರಕ್ಕೆ ಬಂದ ವಿದ್ಯಾರ್ಥಿಗಳು ಸಾಲುಗಟ್ಟಿರುತ್ತಾರೆ. ‘ಸಿಸ್ಟಂ ಹ್ಯಾಂಗ್ ಆಗಿದೆ, ಸ್ವಲ್ಪ ಇರಿ’ ಎನ್ನುವುದನ್ನು ಬಿಟ್ಟರೆ ಹೇಳಲು ಬೇರೆ ಮಾತು ಇರುವುದಿಲ್ಲ.

ಇಂಥ ಹ್ಯಾಂಗ್‌ಗೆ ಕಾರಣ ಹಲವು ಇರಬಹುದು. ಬಹಳ ಸಲ ಅದು ತೆರೆಯ ಹಿಂದೆ ತಾನಾಗಿಯೇ ಶುರುವಾದ ಅಪ್‌ಡೇಟ್. ಅದು ಗೊತ್ತಾಗದೆ ನಾವು ಎರಡು ತಪ್ಪು ದಾರಿ ಹಿಡಿಯುತ್ತೇವೆ. ಒಂದು, ಸಿಟ್ಟಿಗೆ ಪವರ್ ಬಟನ್ ಒತ್ತಿ ಹಿಡಿದು ಆರಿಸಿಬಿಡುವುದು. ಇನ್ನೊಂದು, ‘ಇದರ ಸಹವಾಸವೇ ಬೇಡ’ ಎಂದು ಯಾರಿಂದಲಾದರೂ ಅಪ್‌ಡೇಟನ್ನು ಶಾಶ್ವತವಾಗಿ ಬಂದ್ ಮಾಡಿಸುವುದು. ಮೊದಲನೆಯದು ಕಂಪ್ಯೂಟರನ್ನು ಕೆಡಿಸಬಹುದು, ಎರಡನೆಯದು ಅದನ್ನು ಕಳ್ಳರ ಕೈಗೆ ಕೊಡಬಹುದು. ಇವೆರಡರ ನಡುವೆ ಒಂದು ಸುಲಭದ ದಾರಿ ಇದೆ: ಅಪ್‌ಡೇಟ್ ಬರಲಿ, ಆದರೆ ಅದು ಬರುವ ಹೊತ್ತನ್ನು ನಾವು ಗೊತ್ತುಮಾಡೋಣ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಡೋಸ್ ಕಂಪ್ಯೂಟರನ್ನೇ ಮುಖ್ಯವಾಗಿ ಇಟ್ಟುಕೊಂಡು ಆ ದಾರಿಯನ್ನು ಇಲ್ಲಿ ವಿವರಿಸಿದೆ.

ಹ್ಯಾಂಗ್ ಹೆಚ್ಚಾಗಿ ಬುಧವಾರವೇ ಏಕೆ?

ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರ್‌ನಿಂದ ಒಂದು ಪದ್ಧತಿ ಪಾಲಿಸಿಕೊಂಡು ಬಂದಿದೆ. ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್‌ನ ಸುರಕ್ಷತಾ ಅಪ್‌ಡೇಟ್‌ಗಳನ್ನು ಒಟ್ಟಿಗೆ ಹೊರಬಿಡುತ್ತದೆ. ತಂತ್ರಜ್ಞರು ಇದನ್ನು ‘ಪ್ಯಾಚ್ ಟ್ಯೂಸ್‌ಡೇ’, ಅಂದರೆ ತೇಪೆಯ ಮಂಗಳವಾರ, ಎನ್ನುತ್ತಾರೆ. ಅಪ್‌ಡೇಟ್ ಹೊರಬರುವಾಗ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಿಗ್ಗೆ 10 ಗಂಟೆ. ನಮ್ಮ ಗಡಿಯಾರದಲ್ಲಿ ರಾತ್ರಿ 10:30, ಅಲ್ಲಿ ಚಳಿಗಾಲವಾದರೆ 11:30. ಆ ಹೊತ್ತಿಗೆ ನಮ್ಮ ಕಚೇರಿ, ಶಾಲೆ, ಅಂಗಡಿಗಳ ಕಂಪ್ಯೂಟರ್‌ಗಳು ಆರಿರುತ್ತವೆ. ಹಾಗಾಗಿ ಅಪ್‌ಡೇಟ್ ನಮಗೆ ಎದುರಾಗುವುದು ಬುಧವಾರ ಬೆಳಿಗ್ಗೆ, ಕೆಲಸ ಶುರುವಾಗುವ ಗಳಿಗೆಯಲ್ಲೇ. ಎಲ್ಲ ಯಂತ್ರಗಳಿಗೂ ಒಂದೇ ಕ್ಷಣಕ್ಕೆ ತಲುಪುವುದಿಲ್ಲವಾದ್ದರಿಂದ ಕೆಲವು ಕಡೆ ಗುರುವಾರ, ಶುಕ್ರವಾರಕ್ಕೂ ಜಾರುತ್ತದೆ.

ಎರಡನೇ ಮಂಗಳವಾರ ಯಾವಾಗಲೂ 8ರಿಂದ 14ನೇ ತಾರೀಖಿನೊಳಗೆ ಬೀಳುತ್ತದೆ. ಅಂದರೆ 9ರಿಂದ 15ರೊಳಗಿನ ಬುಧವಾರವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರೆ ತಿಂಗಳ ಅತಿ ಭಾರದ ದಿನ ಯಾವುದೆಂದು ಮೊದಲೇ ತಿಳಿದಿರುತ್ತದೆ.

ಇದರ ಜೊತೆಗೆ ಬೇರೆ ಅಪ್‌ಡೇಟ್‌ಗಳೂ ಇವೆ. ಆ್ಯಂಟಿವೈರಸ್ ದಿನಕ್ಕೆ ಹಲವು ಸಲ ತನ್ನ ಪಟ್ಟಿಯನ್ನು ಹೊಸದು ಮಾಡಿಕೊಳ್ಳುತ್ತದೆ. ಬ್ರೌಸರ್, ಪ್ರಿಂಟರ್ ಡ್ರೈವರ್, ಲ್ಯಾಪ್‌ಟಾಪ್ ಕಂಪನಿಯ ಸ್ವಂತ ಅಪ್‌ಡೇಟ್ ತಂತ್ರಾಂಶ, ಎಲ್ಲವೂ ಕಂಪ್ಯೂಟರ್ ಆನ್ ಆದ ಮೊದಲ ಕೆಲವು ನಿಮಿಷಗಳಲ್ಲೇ ‘ಹೊಸದೇನಾದರೂ ಇದೆಯೇ’ ಎಂದು ವಿಚಾರಿಸಲು ಹೊರಡುತ್ತವೆ. ಹಳೆಯ ಯಂತ್ರ ಕಂಗೆಡುವುದು ಈ ಎಲ್ಲವೂ ಒಟ್ಟಿಗೆ ಸೇರಿದಾಗ.

ಪರದೆಯ ಹಿಂದೆ ನಡೆಯುವ ಕೆಲಸ

ಅಪ್‌ಡೇಟ್ ಎಂದರೆ ಬರೀ ಡೌನ್‌ಲೋಡ್ ಎಂದು ಅನೇಕರ ತಿಳಿವಳಿಕೆ. ಡೌನ್‌ಲೋಡ್‌ನಿಂದ ಇಂಟರ್ನೆಟ್ ನಿಧಾನವಾಗಬಹುದು, ಕಂಪ್ಯೂಟರ್ ಹ್ಯಾಂಗ್ ಆಗುವುದು ಅಪರೂಪ. ನಿಜವಾದ ಭಾರ ಇರುವುದು ಅದರ ಹಿಂದಿನ ಮತ್ತು ಮುಂದಿನ ಹಂತಗಳಲ್ಲಿ.

ಮೊದಲು ಪರಿಶೀಲನೆ. ಈ ಕಂಪ್ಯೂಟರಿನಲ್ಲಿ ಏನೇನಿದೆ, ಏನೇನು ಹಳತಾಗಿದೆ, ಯಾವ ಪ್ಯಾಚ್ ಯಾವುದರ ಜಾಗಕ್ಕೆ ಬರಬೇಕು ಎಂದು ವಿಂಡೋಸ್ ಪಟ್ಟಿ ಮಾಡುತ್ತದೆ. ಪ್ರೊಸೆಸರ್‌ಗೆ ಕೆಲಸ ಬೀಳುವುದು ಇಲ್ಲಿ. ಆಮೇಲೆ ಡೌನ್‌ಲೋಡ್. ಆನಂತರ ಒತ್ತಿಟ್ಟ ಪೊಟ್ಟಣವನ್ನು ಬಿಚ್ಚಿ, ಸಾವಿರಾರು ಸಣ್ಣ ಫೈಲುಗಳನ್ನು ಒಂದೊಂದಾಗಿ ಓದಿ, ಅಸಲಿಯೋ ಅಲ್ಲವೋ ಎಂದು ಪರೀಕ್ಷಿಸಿ, ಹಳೆಯದರ ಪ್ರತಿಯನ್ನು ತೆಗೆದಿಟ್ಟುಕೊಂಡು ಹೊಸದನ್ನು ಸೇರಿಸುವ ಹಂತ. ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಬೇಕಾಗುವುದು ಆ ಹಳೆಯ ಪ್ರತಿಯೇ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’ ಎಂಬ ಹೆಸರಿನ ತಂತ್ರಾಂಶ ಈ ಕೆಲಸ ಮಾಡುತ್ತದೆ. ಬರೆಯುತ್ತಿರುವ ಪ್ರತಿಯೊಂದು ಫೈಲನ್ನೂ ಆ್ಯಂಟಿವೈರಸ್ ತಾನೂ ಒಮ್ಮೆ ತೆರೆದು ನೋಡುತ್ತದೆ. ಹಾಗಾಗಿ ಡಿಸ್ಕ್‌ನ ಕೆಲಸ ಇನ್ನಷ್ಟು ಹೆಚ್ಚುತ್ತದೆ.

ಕೊನೆಗೆ ರೀಸ್ಟಾರ್ಟ್. ವಿಂಡೋಸ್ ಓಡುತ್ತಿರುವಾಗ ಅದರ ಬಳಕೆಯಲ್ಲೇ ಇರುವ ಫೈಲುಗಳನ್ನು ಬದಲಾಯಿಸಲು ಆಗುವುದಿಲ್ಲ. ಅವನ್ನು ಬದಲಾಯಿಸುವುದು ಕಂಪ್ಯೂಟರ್ ಆರುವಾಗ ಮತ್ತು ಮತ್ತೆ ಏಳುವಾಗ. ಎದ್ದ ಮೇಲೂ ಕೆಲಸ ಬಾಕಿ ಇರುತ್ತದೆ: ಡಾಟ್‌ನೆಟ್ ಎಂಬ ಭಾಗ ಹೊಸದಾಗಿದ್ದರೆ ಅದರ ಕೋಡ್ ಮತ್ತೆ ಸಿದ್ಧವಾಗಬೇಕು, ಹುಡುಕಾಟದ ಸೂಚಿ ಸರಿಹೋಗಬೇಕು, ಹಳೆಯ ಕಸ ಗುಡಿಸಬೇಕು. ‘ಅಪ್‌ಡೇಟ್ ಮುಗಿದು ಆನ್ ಆಗಿದೆ, ಆದರೂ ಸ್ಲೋ ಇದೆ’ ಎಂಬ ದೂರಿಗೆ ಕಾರಣ ಇದೇ. ಸಾಮಾನ್ಯವಾಗಿ ಅರ್ಧ ಗಂಟೆ, ಒಂದು ಗಂಟೆಯಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಎಲ್ಲ ಭಾರ ಹಾರ್ಡ್ ಡಿಸ್ಕ್ ಮೇಲೆ

ಅದೇ ಅಪ್‌ಡೇಟ್ ಪಕ್ಕದ ಹೊಸ ಲ್ಯಾಪ್‌ಟಾಪಿನಲ್ಲಿ ಗೊತ್ತೇ ಆಗದಂತೆ ಮುಗಿದುಹೋಗುತ್ತದೆ, ಹಳೆಯ ಕಂಪ್ಯೂಟರಿನಲ್ಲಿ ಅರ್ಧ ದಿನ ತಿನ್ನುತ್ತದೆ. ವ್ಯತ್ಯಾಸ ಇರುವುದು ಹೆಚ್ಚಾಗಿ ಡಿಸ್ಕ್‌ನಲ್ಲಿ.

ಹಳೆಯ ಹಾರ್ಡ್ ಡಿಸ್ಕ್ ಒಳಗೆ ನಿಜಕ್ಕೂ ತಿರುಗುವ ತಟ್ಟೆ ಇರುತ್ತದೆ. ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ಸುತ್ತುತ್ತದೆ, ಅಂದರೆ ಸೆಕೆಂಡಿಗೆ 90. ಒಂದು ಫೈಲ್ ಬೇಕೆಂದರೆ ಓದುವ ಮುಳ್ಳು ಸರಿಯಾದ ಜಾಡಿಗೆ ಸರಿಯಬೇಕು, ಬೇಕಾದ ಭಾಗ ಅದರ ಕೆಳಗೆ ಬರುವ ತನಕ ಕಾಯಬೇಕು. ಎರಡೂ ಸೇರಿ ಹತ್ತು-ಹದಿನೈದು ಮಿಲಿಸೆಕೆಂಡ್ ಹಿಡಿಯುತ್ತದೆ. ಹೀಗೆ ಬೇರೆ ಬೇರೆ ಜಾಗದಲ್ಲಿ ಚೆದುರಿದ ಸಣ್ಣ ಫೈಲುಗಳಾದರೆ ಸೆಕೆಂಡಿಗೆ ನೂರು ಮುಟ್ಟುವುದೂ ಕಷ್ಟ. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಅದೇ ಕೆಲಸವನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ.

ಹಾರ್ಡ್ ಡಿಸ್ಕ್ ಒಬ್ಬನೇ ಗುಮಾಸ್ತನಿರುವ ಕೌಂಟರ್ ಇದ್ದಂತೆ. ಅಪ್‌ಡೇಟ್ ಸಾವಿರಾರು ಚೀಟಿ ಹಿಡಿದು ಮೊದಲೇ ಸಾಲಿನಲ್ಲಿ ನಿಂತಿದೆ. ನೀವು ವರ್ಡ್ ತೆರೆಯಲು ಕ್ಲಿಕ್ ಮಾಡಿದರೆ ನಿಮ್ಮ ಚೀಟಿ ಆ ಸಾಲಿನ ನಡುವೆ ಎಲ್ಲೋ ಸೇರುತ್ತದೆ. ತೆರೆಯಲಿಲ್ಲವೆಂದು ಇನ್ನೂ ನಾಲ್ಕು ಸಲ ಕ್ಲಿಕ್ ಮಾಡಿದರೆ ಇನ್ನೂ ನಾಲ್ಕು ಚೀಟಿ. ಕಂಪ್ಯೂಟರ್ ಸತ್ತಿಲ್ಲ, ನಿಮ್ಮ ಸರದಿ ಬಂದಿಲ್ಲ ಅಷ್ಟೆ. ಹೀಗಾಗಿ ಅಪ್‌ಡೇಟ್ ಹೊತ್ತಿನಲ್ಲಿ ಪದೇ ಪದೇ ಕ್ಲಿಕ್ ಮಾಡುವುದು ತೊಂದರೆಯನ್ನು ಹೆಚ್ಚಿಸುತ್ತದೆ.

ರ್‍ಯಾಮ್ ಕಡಿಮೆ ಇದ್ದರೆ ಇದೇ ಕಷ್ಟ ದುಪ್ಪಟ್ಟಾಗುತ್ತದೆ. 4 ಜಿಬಿ ರ್‍ಯಾಮ್ ತುಂಬಿದಾಗ ವಿಂಡೋಸ್ ಉಳಿದದ್ದನ್ನು ಡಿಸ್ಕ್ ಮೇಲೆ ಬರೆದಿಟ್ಟು ಮತ್ತೆ ಓದಿಕೊಳ್ಳುತ್ತದೆ. ಈಗಾಗಲೇ ದಣಿದ ಡಿಸ್ಕ್‌ಗೆ ಇದು ಹೆಚ್ಚುವರಿ ಹೊರೆ. ಸಿ ಡ್ರೈವ್ ಭರ್ತಿಯಾಗಿದ್ದರಂತೂ ಪೊಟ್ಟಣ ಬಿಚ್ಚಲು ಜಾಗವಿಲ್ಲದೆ ಅಪ್‌ಡೇಟ್ ಅರ್ಧಕ್ಕೆ ಸೋತು, ಮರುದಿನ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ವಾರವಿಡೀ ದಿನಾ ಬೆಳಿಗ್ಗೆ ಹ್ಯಾಂಗ್ ಆಗುವ ಕಂಪ್ಯೂಟರ್ ಇದ್ದರೆ ಮೊದಲು ನೋಡಬೇಕಾದದ್ದು ಸಿ ಡ್ರೈವ್‌ನಲ್ಲಿ ಉಳಿದಿರುವ ಜಾಗವನ್ನು.

ನಿಧಾನವಾಗಿದೆಯೋ, ನಿಂತೇಹೋಗಿದೆಯೋ?

ಕೈ ಹಾಕುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಗುರುತಿಸುವ ಮೂರು ಸರಳ ಪರೀಕ್ಷೆ ಇವು.

ಕೀಬೋರ್ಡಿನ ‘ಕ್ಯಾಪ್ಸ್ ಲಾಕ್’ ಒತ್ತಿ. ಅದರ ದೀಪ ಹತ್ತಿ ಆರಿದರೆ ಒಳಗೆ ಕಂಪ್ಯೂಟರ್ ಎಚ್ಚರವಾಗಿದೆ. ಹಲವು ನಿಮಿಷ ಕಳೆದರೂ ದೀಪಕ್ಕೆ ಸ್ಪಂದನೆಯೇ ಇಲ್ಲ, ಮೌಸ್ ಬಾಣವೂ ಕದಲುತ್ತಿಲ್ಲ ಎಂದರೆ ಅದು ನಿಜವಾಗಿ ನಿಂತಿರುವ ಸಾಧ್ಯತೆ ಹೆಚ್ಚು.

ಡೆಸ್ಕ್‌ಟಾಪ್ ಕ್ಯಾಬಿನೆಟ್ ಮೇಲೆ ಡಿಸ್ಕ್ ದೀಪ ಇದ್ದರೆ ಅದನ್ನು ನೋಡಿ. ಮಿಣುಕುತ್ತಿದ್ದರೆ ಅಥವಾ ಬಿಡದೆ ಉರಿಯುತ್ತಿದ್ದರೆ ಕೆಲಸ ನಡೆಯುತ್ತಿದೆ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಕಾಯಿರಿ. ಒಂದೆರಡು ನಿಮಿಷ ಹಿಡಿದರೂ ಟಾಸ್ಕ್ ಮ್ಯಾನೇಜರ್ ತೆರೆದುಕೊಂಡರೆ ಅರ್ಧ ಉತ್ತರ ಸಿಕ್ಕಂತೆ. ಅಲ್ಲಿ ‘ಡಿಸ್ಕ್’ ಎಂಬ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಡಿಸ್ಕ್ ಬಳಸುತ್ತಿರುವವು ಮೇಲೆ ಬರುತ್ತವೆ. ‘ವಿಂಡೋಸ್ ಮಾಡ್ಯೂಲ್ಸ್ ಇನ್‌ಸ್ಟಾಲರ್ ವರ್ಕರ್’, ‘ಆ್ಯಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟೆಬಲ್’ ಅಥವಾ ವಿಂಡೋಸ್ ಅಪ್‌ಡೇಟ್ ಹೆಸರು ಹೊತ್ತ ‘ಸರ್ವಿಸ್ ಹೋಸ್ಟ್’ ಮೇಲಿದ್ದು, ಡಿಸ್ಕ್ ಬಳಕೆ ಶೇಕಡಾ ನೂರರ ಹತ್ತಿರ ಇದ್ದರೆ ಇದು ಅಪ್‌ಡೇಟ್‌ನದ್ದೇ ಕೆಲಸ. ಅವನ್ನು ‘ಎಂಡ್ ಟಾಸ್ಕ್’ ಮಾಡಲು ಹೋಗಬೇಡಿ. ಅರ್ಧ ಬರೆದ ಫೈಲುಗಳು ಹಾಗೇ ಉಳಿದು, ಸ್ವಲ್ಪ ಹೊತ್ತಿಗೆ ಅದೇ ಕೆಲಸ ಮತ್ತೆ ಶುರುವಾಗುತ್ತದೆ.

ಬಾಣ ಅಲ್ಲಾಡುತ್ತಿದ್ದು ಪರದೆ ಮಾತ್ರ ಕಪ್ಪಾಗಿದ್ದರೆ ಡಿಸ್‌ಪ್ಲೇ ಡ್ರೈವರ್ ಹೊಸದಾಗಿ ಬಂದು ಎಡವಿರಬಹುದು. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ಅಕ್ಷರ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಆ ಡ್ರೈವರ್ ಮತ್ತೆ ಶುರುವಾಗುತ್ತದೆ. ತೆರೆದಿದ್ದ ಕೆಲಸಕ್ಕೆ ಇದರಿಂದ ತೊಂದರೆ ಇಲ್ಲ.

ಹ್ಯಾಂಗ್ ಆದಾಗ ಮಾಡಬೇಕಾದದ್ದು

1. ಕೈ ತೆಗೆಯಿರಿ. ಹೊಸದೇನನ್ನೂ ತೆರೆಯಬೇಡಿ. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಕನಿಷ್ಠ ಅರ್ಧ ಗಂಟೆ ಕೊಡಿ.

2. ಸೇವ್ ಮಾಡದ ಕೆಲಸ ಇದ್ದರೆ, ಆ ವಿಂಡೋ ಸ್ಪಂದಿಸಿದ ತಕ್ಷಣ ಮೊದಲು ಸೇವ್ ಮಾಡಿ. ಬೇರೆ ತಂತ್ರಾಂಶಗಳನ್ನು, ಅದರಲ್ಲೂ ಹತ್ತಾರು ಟ್ಯಾಬ್ ತೆರೆದಿರುವ ಬ್ರೌಸರನ್ನು, ಮುಚ್ಚಿ ರ್‍ಯಾಮ್ ಬಿಡಿಸಿಕೊಡಿ.

3. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಬೇಡಿ.

4. ಕೆಲಸ ತೀರಾ ತುರ್ತಾಗಿದ್ದರೆ ‘ಸೆಟ್ಟಿಂಗ್ಸ್’ ಒಳಗಿನ ‘ವಿಂಡೋಸ್ ಅಪ್‌ಡೇಟ್’ ಪುಟ ತೆರೆದು ‘ಪಾಸ್ ಅಪ್‌ಡೇಟ್ಸ್’ (Pause updates) ಒತ್ತಿ. ಇನ್ನೂ ಡೌನ್‌ಲೋಡ್ ಹಂತದಲ್ಲಿದ್ದರೆ ಅಲ್ಲಿಗೆ ನಿಲ್ಲುತ್ತದೆ.

5. ಅಪ್‌ಡೇಟ್ ಮುಗಿದು ‘ರೀಸ್ಟಾರ್ಟ್’ ಕೇಳಿದರೆ ರೀಸ್ಟಾರ್ಟ್ ಅನ್ನೇ ಒತ್ತಿ. ‘ಶಟ್‌ಡೌನ್’ ಒತ್ತಿ ಮತ್ತೆ ಆನ್ ಮಾಡುವುದು ಅದಕ್ಕೆ ಸಮ ಅಲ್ಲ. ‘ಫಾಸ್ಟ್ ಸ್ಟಾರ್ಟಪ್’ ಎಂಬ ವ್ಯವಸ್ಥೆ ಇರುವ ಯಂತ್ರಗಳಲ್ಲಿ ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗವನ್ನು ಡಿಸ್ಕ್ ಮೇಲೆ ಬರೆದಿಟ್ಟು, ಮರುದಿನ ಅದನ್ನೇ ಎಬ್ಬಿಸಲಾಗುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್‌ನಲ್ಲಿ ಮಾತ್ರ.

ಪರದೆಯ ಮೇಲೆ ‘ಕಂಪ್ಯೂಟರ್ ಆರಿಸಬೇಡಿ’ ಎಂಬ ಸೂಚನೆಯೊಂದಿಗೆ ಶೇಕಡಾವಾರು ಅಂಕಿ ಕಾಣುತ್ತಿರುವಾಗ ತಾಳ್ಮೆ ಎಲ್ಲಕ್ಕಿಂತ ಮುಖ್ಯ. ಆ ಅಂಕಿ ಸಮಯದ ಅಳತೆ ಅಲ್ಲ. ಒಂದೇ ಅಂಕಿಯ ಮೇಲೆ ಇಪ್ಪತ್ತು ನಿಮಿಷ ನಿಂತು ಆಮೇಲೆ ಸರ್‍ರನೆ ಓಡುವುದುಂಟು. ಹಳೆಯ ಯಂತ್ರಕ್ಕೆ ಎರಡು ಗಂಟೆಯಾದರೂ ಬಿಡಿ. ಡಿಸ್ಕ್ ದೀಪ ಮಿಣುಕುತ್ತಿದ್ದರೆ ಇನ್ನೂ ಹೆಚ್ಚು. ಲ್ಯಾಪ್‌ಟಾಪ್ ಕಂಪನಿಯ ಹೆಸರಿನೊಂದಿಗೆ ‘ಫರ್ಮ್‌ವೇರ್’ ಅಥವಾ ‘ಬಯೋಸ್’ ಅಪ್‌ಡೇಟ್ ಎಂದು ಬಂದಿದ್ದರೆ ಯಾವ ಕಾರಣಕ್ಕೂ ಮಧ್ಯದಲ್ಲಿ ಆರಿಸಬೇಡಿ. ವಿಂಡೋಸ್ ಕೆಟ್ಟರೆ ಮತ್ತೆ ಹಾಕಬಹುದು. ಬಯೋಸ್ ಅರ್ಧಕ್ಕೆ ನಿಂತರೆ ಯಂತ್ರ ಏಳದೆಯೇ ಹೋಗಬಹುದು, ಸರ್ವಿಸ್ ಸೆಂಟರ್ ದಾರಿ ಹಿಡಿಯಬೇಕಾಗುತ್ತದೆ.

ಏಳಲೇ ಇಲ್ಲವಾದರೆ

ಅಷ್ಟು ಕಾದರೂ ಜೀವ ಬರಲಿಲ್ಲ ಎಂದಾದಾಗ ಮಾತ್ರ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆರಿಸಿ. ಮತ್ತೆ ಆನ್ ಮಾಡಿದಾಗ ವಿಂಡೋಸ್ ತಾನೇ ‘ಬದಲಾವಣೆಗಳನ್ನು ಹಿಂದಕ್ಕೆ ತೆಗೆಯುತ್ತಿದ್ದೇನೆ’ ಎಂದು ಹಳೆಯ ಸ್ಥಿತಿಗೆ ಮರಳಲು ನೋಡುತ್ತದೆ. ಆ ಕೆಲಸಕ್ಕೂ ಅಡ್ಡಿ ಮಾಡಬೇಡಿ.

ಲೋಗೊ ಬಂದು ಅಲ್ಲೇ ಮತ್ತೆ ಮತ್ತೆ ನಿಲ್ಲುತ್ತಿದ್ದರೆ ವಿಂಡೋಸ್‌ನಲ್ಲೇ ಅಡಗಿರುವ ದುರಸ್ತಿ ಪರದೆಗೆ ಹೋಗಬೇಕು. ಲೋಗೊ ಕಾಣಿಸಿದಾಗ ಪವರ್ ಬಟನ್ ಒತ್ತಿ ಆರಿಸಿ. ಹೀಗೆ ಎರಡು ಸಲ ಮಾಡಿದ ಮೇಲೆ ಮೂರನೇ ಸಲ ಆ ಪರದೆ ತಾನಾಗಿ ಬರುತ್ತದೆ. ಲಾಗಿನ್ ಪರದೆಯ ತನಕ ಬರುತ್ತಿದ್ದರೆ ಶಿಫ್ಟ್ ಕೀ ಒತ್ತಿ ಹಿಡಿದು ರೀಸ್ಟಾರ್ಟ್ ಮೇಲೆ ಕ್ಲಿಕ್ ಮಾಡಿದರೂ ಸಾಕು. ಅಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರೊಳಗೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಇದೆ. ತಿಂಗಳ ಸಣ್ಣ ಅಪ್‌ಡೇಟ್‌ಗೆ ‘ಕ್ವಾಲಿಟಿ’, ವರ್ಷಕ್ಕೊಮ್ಮೆ ಬರುವ ದೊಡ್ಡದಕ್ಕೆ ‘ಫೀಚರ್’ ಎಂದು ಹೆಸರು. ಕೊನೆಗೆ ಬಂದದ್ದನ್ನು ತೆಗೆದರೆ ಬಹಳ ಕಡೆ ಕಂಪ್ಯೂಟರ್ ಏಳುತ್ತದೆ. ನಿಮ್ಮ ಫೈಲುಗಳು ಹಾಗೇ ಇರುತ್ತವೆ. ದೊಡ್ಡ ಅಪ್‌ಡೇಟ್ ಆದರೆ, ಹಾಕಿದ 10 ದಿನಗಳೊಳಗೆ ‘ಸೆಟ್ಟಿಂಗ್ಸ್’ನ ‘ರಿಕವರಿ’ ಪುಟದ ‘ಗೋ ಬ್ಯಾಕ್’ ಮೂಲಕವೂ ಹಳೆಯದಕ್ಕೆ ಮರಳಬಹುದು.

ಇಲ್ಲಿ ಹಲವರು ಸಿಲುಕಿಕೊಳ್ಳುವ ಜಾಗ ಒಂದಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಡಿಸ್ಕ್ ತಾನಾಗಿಯೇ ಬೀಗ ಹಾಕಿಕೊಂಡಿರುತ್ತದೆ. ಇದು ‘ಬಿಟ್‌ಲಾಕರ್’ ತಂತ್ರ. ದುರಸ್ತಿ ಪರದೆಗೆ ಹೋದಾಗ ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ, ಬೇರೆ ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಕಂಪ್ಯೂಟರ್ ಚೆನ್ನಾಗಿರುವಾಗಲೇ ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡುವುದು ಜಾಣತನ. ಕೀ ಇಲ್ಲದೆ ಆ ಡಿಸ್ಕ್‌ನಲ್ಲಿರುವುದನ್ನು ಯಾವ ತಂತ್ರಜ್ಞನೂ ತೆಗೆದುಕೊಡಲಾರ.

ಕಂಪ್ಯೂಟರ್ ಏಳುತ್ತದೆ, ಆದರೆ ಪ್ರತಿ ಸಲ ಅದೇ ಅಪ್‌ಡೇಟ್ ಸೋಲುತ್ತದೆ ಎಂಬ ತೊಂದರೆಗೆ ಬೇರೆ ಮದ್ದು. ‘ಸೆಟ್ಟಿಂಗ್ಸ್’ನ ‘ಸಿಸ್ಟಂ’ ಭಾಗದ ‘ಟ್ರಬಲ್‌ಶೂಟ್’ನಲ್ಲಿ ವಿಂಡೋಸ್ ಅಪ್‌ಡೇಟ್‌ಗೆಂದೇ ಒಂದು ಸಾಧನ ಇದೆ, ಅದನ್ನು ಒಮ್ಮೆ ಓಡಿಸಿ. ಅದರಿಂದ ಆಗದಿದ್ದರೆ, ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳ ‘ರಿಕವರಿ’ ಪುಟದಲ್ಲಿ ವಿಂಡೋಸ್ ಅಪ್‌ಡೇಟ್ ಮೂಲಕವೇ ಇಡೀ ವಿಂಡೋಸನ್ನು ಮರುಸ್ಥಾಪಿಸುವ ಆಯ್ಕೆ ಇದೆ. ಇದು ನಿಮ್ಮ ಫೈಲು, ತಂತ್ರಾಂಶಗಳನ್ನು ಉಳಿಸಿಕೊಂಡೇ ಕೆಟ್ಟ ಭಾಗಗಳನ್ನು ಸರಿಮಾಡುತ್ತದೆ.

ಅಪ್‌ಡೇಟ್‌ನಲ್ಲೇ ದೋಷ ಇದ್ದಾಗ

ಬಳಕೆದಾರನ ಕೈಯಲ್ಲಿ ಏನೂ ಇಲ್ಲದ ಸಂದರ್ಭಗಳೂ ಇವೆ. 2013ರಲ್ಲಿ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್‌ಗಳು ಅಪ್‌ಡೇಟ್ ಪರಿಶೀಲನೆ ಶುರುವಾದ ಕೂಡಲೇ ಪ್ರೊಸೆಸರನ್ನೆಲ್ಲ ನುಂಗಿ ಕೂರುತ್ತಿದ್ದವು. ಕಾರಣ ಲೆಕ್ಕ ಹಾಕುವ ವಿಧಾನದಲ್ಲಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಬಂದ ಒಂದೊಂದು ಪ್ಯಾಚೂ ಹಿಂದಿನದರ ಜಾಗಕ್ಕೆ ಬರುತ್ತಾ ಉದ್ದದ ಸರಪಳಿಯೇ ಆಗಿತ್ತು. ಸರಪಳಿಗೆ ಒಂದು ಕೊಂಡಿ ಸೇರಿದರೆ ಪರಿಶೀಲನೆಯ ಸಮಯ ಇಮ್ಮಡಿಯಾಗುತ್ತಿತ್ತು. ಹೀಗೆ ಇಮ್ಮಡಿಸುತ್ತ ಹೋದರೆ 10 ಕೊಂಡಿಗೆ 1,024 ಪಟ್ಟು, 20 ಕೊಂಡಿಗೆ ಹತ್ತು ಲಕ್ಷ ಪಟ್ಟು ದಾಟುತ್ತದೆ. ಬಳಕೆದಾರರು ಎಷ್ಟು ರ್‍ಯಾಮ್ ಹಾಕಿಸಿದರೂ ಪ್ರಯೋಜನವಿರಲಿಲ್ಲ. ಮೈಕ್ರೋಸಾಫ್ಟ್ ತನ್ನ ಕಡೆಯ ಪಟ್ಟಿಯಿಂದ ಹಳೆಯ ಪ್ಯಾಚ್‌ಗಳನ್ನು ತೆಗೆದುಹಾಕಿದ ಮೇಲೆಯೇ ಅದು ಪರಿಹಾರ ಕಂಡದ್ದು.

2018ರ ಅಕ್ಟೋಬರ್ 2ರಂದು ಬಂದ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಕಂಪ್ಯೂಟರ್‌ಗಳಲ್ಲಿ ಅವರ ಸ್ವಂತ ಫೈಲುಗಳನ್ನೇ ಅಳಿಸಿಹಾಕಿತು. ಕಂಪನಿ ನಾಲ್ಕೇ ದಿನಕ್ಕೆ ಅದನ್ನು ತಡೆಹಿಡಿದು, ಸರಿಪಡಿಸಿ, ನವೆಂಬರ್ 13ರಂದು ಮತ್ತೆ ಬಿಟ್ಟಿತು. ಮೊದಲ ದಿನವೇ ಹಾಕಿಕೊಳ್ಳಲು ಹೋಗದೆ ಕಾದವರು ಈ ಪೆಟ್ಟಿನಿಂದ ಪಾರಾದರು.

ಎಲ್ಲಕ್ಕಿಂತ ದೊಡ್ಡದು 2024ರ ಜುಲೈ 19ರ ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಸಮಯ ಬೆಳಿಗ್ಗೆ 9:39ಕ್ಕೆ ತನ್ನ ತಂತ್ರಾಂಶಕ್ಕೆ ಒಂದು ಸಣ್ಣ ಫೈಲ್ ಕಳುಹಿಸಿತು. ಆ ಫೈಲಿನ ನಮೂನೆ 21 ಅಂಶಗಳನ್ನು ಕೇಳುತ್ತಿತ್ತು, ತಂತ್ರಾಂಶ ಒದಗಿಸುತ್ತಿದ್ದದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ, ವಿಂಡೋಸ್‌ನ ಅತ್ಯಂತ ಒಳಗಿನ ಪದರದಲ್ಲಿ ಓಡುತ್ತಿದ್ದ ಆ ತಂತ್ರಾಂಶ ಕುಸಿಯಿತು, ಜೊತೆಗೆ ಇಡೀ ವಿಂಡೋಸನ್ನೂ ಕೆಡವಿತು. 10:57ಕ್ಕೆ ಫೈಲನ್ನು ಹಿಂತೆಗೆದುಕೊಂಡರೂ ಅಷ್ಟರಲ್ಲಿ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕುಸಿದು ನೀಲಿ ಪರದೆ ತೋರಿಸುತ್ತಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಬೆಂಗಳೂರು ಸೇರಿ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಚೆಕ್-ಇನ್ ಅಸ್ತವ್ಯಸ್ತವಾಯಿತು, ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಟ್ಟರು. ಕಂಪ್ಯೂಟರ್‌ಗಳು ಏಳುವುದೇ ಇಲ್ಲವಾದ್ದರಿಂದ ಬಹುಪಾಲು ಕಡೆ ತಂತ್ರಜ್ಞರು ಒಂದೊಂದು ಯಂತ್ರದ ಎದುರು ಕೂತು, ಅಗತ್ಯ ಭಾಗಗಳಷ್ಟೇ ಓಡುವ ‘ಸೇಫ್ ಮೋಡ್’ನಲ್ಲಿ ಎಬ್ಬಿಸಿ, ಆ ಒಂದು ಫೈಲನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಕೀ ಕೈಗೆ ಸಿಗದ ಕಡೆ ಕೆಲಸ ಇನ್ನೂ ತಡವಾಯಿತು.

ಎಲ್ಲರಿಗೂ ಒಂದೇ ಗಳಿಗೆಯಲ್ಲಿ ಕಳುಹಿಸಿದ್ದೇ ಹಾನಿ ಇಷ್ಟು ಹರಡಲು ಕಾರಣ. ಸ್ವಲ್ಪ ಜನರಿಗೆ ಮೊದಲು ಕಳುಹಿಸಿ, ಸರಿ ಇದೆಯೆಂದು ಕಂಡ ಮೇಲೆ ಉಳಿದವರಿಗೆ ಕೊಡುವ ಕ್ರಮವನ್ನು ನಾವು ನಮ್ಮ ಸಣ್ಣ ಕಚೇರಿಯಲ್ಲೂ ಪಾಲಿಸಬಹುದು.

ಹಾಗಾದರೆ ಬಂದ್ ಮಾಡಿಬಿಡೋಣವೇ?

ಇಷ್ಟು ಕೇಳಿದ ಮೇಲೆ ಈ ಪ್ರಶ್ನೆ ಬರುವುದು ಸಹಜ. ಉತ್ತರ 2017ರಲ್ಲಿದೆ. ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ಬಿರುಕಿಗೆ ಪ್ಯಾಚ್ ಕೊಟ್ಟಿತ್ತು. ಎರಡು ತಿಂಗಳು ಕಳೆದು ಮೇ 12ರಂದು ‘ವಾನಾಕ್ರೈ’ ಎಂಬ ಕುತಂತ್ರಾಂಶ ಅದೇ ಬಿರುಕಿನಿಂದ ನುಗ್ಗಿತು. ಫೈಲುಗಳಿಗೆಲ್ಲ ಬೀಗ ಹಾಕಿ, ಬಿಡಿಸಲು ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಬೇಕಾಯಿತು. ಪಕ್ಕದ ಆಂಧ್ರಪ್ರದೇಶದಲ್ಲಿ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳೂ ಸಿಕ್ಕಿಬಿದ್ದವು. ಆ ಪ್ಯಾಚ್ ಹಾಕಿದ್ದ ಕಂಪ್ಯೂಟರಿಗೆ ಆ ಬಿರುಕಿನಿಂದ ಒಳಹೊಗುವ ದಾರಿ ಇರಲಿಲ್ಲ.

ಪ್ಯಾಚ್ ಹೊರಬಂದ ದಿನವೇ ಬಿರುಕು ಎಲ್ಲಿತ್ತು ಎಂಬುದು ಕಳ್ಳರಿಗೂ ತಿಳಿಯುತ್ತದೆ. ಹಾಕಿಕೊಳ್ಳದೆ ಬಿಟ್ಟ ಕಂಪ್ಯೂಟರ್ ಅಂದಿನಿಂದ ಹೆಚ್ಚು ಅಪಾಯದಲ್ಲಿರುತ್ತದೆ. ವಾರ ಕಾಯುವುದರಲ್ಲಿ ವಿವೇಕವಿದೆ, ವರ್ಷಗಟ್ಟಲೆ ಬಿಡುವುದರಲ್ಲಿ ಇಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸುರಕ್ಷತಾ ಅಪ್‌ಡೇಟ್‌ಗಳ ಹೆಚ್ಚುವರಿ ಅವಧಿಗೆ ನೋಂದಾಯಿಸದ ಅಂಥ ಯಂತ್ರ ಈಗ ಅಪ್‌ಡೇಟ್ ಕಾಟವಿಲ್ಲದೆ ಹಾಯಾಗಿ ಓಡುತ್ತಿದೆ ಎಂದು ಅನಿಸಿದರೆ, ಅದು ಕಾವಲಿಲ್ಲದೆ ಓಡುತ್ತಿದೆ ಎಂದೇ ತಿಳಿಯಬೇಕು.

ಹೊತ್ತು ಗೊತ್ತುಮಾಡುವ ಬಗೆ

ಮೊದಲನೆಯದು ‘ಆ್ಯಕ್ಟಿವ್ ಅವರ್ಸ್’. ವಿಂಡೋಸ್ ಅಪ್‌ಡೇಟ್‌ನ ‘ಅಡ್ವಾನ್ಸ್‌ಡ್ ಆಪ್ಷನ್ಸ್’ನಲ್ಲಿ ನೀವು ಕೆಲಸ ಮಾಡುವ ಗಂಟೆಗಳನ್ನು ನಮೂದಿಸಿದರೆ ಆ ಅವಧಿಯಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಗರಿಷ್ಠ 18 ಗಂಟೆ ಹಾಕಬಹುದು. ಇದು ತಡೆಯುವುದು ರೀಸ್ಟಾರ್ಟನ್ನು ಮಾತ್ರ, ಡೌನ್‌ಲೋಡ್ ಮತ್ತು ತೆರೆಯ ಹಿಂದಿನ ಕೆಲಸ ನಡೆದೇ ಇರುತ್ತದೆ.

ಎರಡನೆಯದು ‘ಪಾಸ್’. ಒಂದು ವಾರದಿಂದ ಐದು ವಾರಗಳವರೆಗೆ ಅಪ್‌ಡೇಟನ್ನು ತಡೆಹಿಡಿಯಬಹುದು. ಪರೀಕ್ಷೆ, ಲೆಕ್ಕಪತ್ರದ ಕೊನೆಯ ದಿನ, ಆನ್‌ಲೈನ್ ಅರ್ಜಿಯ ಗಡುವು ಹತ್ತಿರ ಬಂದಾಗ ಮುಂಚೆಯೇ ಇದನ್ನು ಒತ್ತಿಡಿ. ಗಡುವು ಮುಗಿದ ಸಂಜೆಯೇ ತೆಗೆದುಬಿಡಿ.

ಮೂರನೆಯದು ‘ಮೀಟರ್ಡ್ ಕನೆಕ್ಷನ್’. ಫೋನಿನ ಹಾಟ್‌ಸ್ಪಾಟ್ ಬಳಸುವವರು ಆ ವೈಫೈ ಸಂಪರ್ಕಕ್ಕೆ ಈ ಗುರುತು ಹಾಕಿದರೆ ದೊಡ್ಡ ಡೌನ್‌ಲೋಡ್‌ಗಳು ಹೆಚ್ಚಿನಂಶ ಅಲ್ಲಿ ನಿಲ್ಲುತ್ತವೆ. ಹತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಾದರೆ ‘ಡಿಲಿವರಿ ಆಪ್ಟಿಮೈಸೇಶನ್’ನಲ್ಲಿ ಸ್ಥಳೀಯ ನೆಟ್‌ವರ್ಕ್ ಆಯ್ಕೆ ಮಾಡಿ. ಒಂದು ಯಂತ್ರ ಇಳಿಸಿಕೊಂಡ ಭಾಗಗಳನ್ನು ಉಳಿದವು ಅದರಿಂದಲೇ ಪಡೆಯುತ್ತವೆ.

ನಾಲ್ಕನೆಯದು ಅಭ್ಯಾಸಕ್ಕೆ ಸೇರಿದ್ದು. ನಮ್ಮಲ್ಲಿ ಸಂಜೆ ಕಂಪ್ಯೂಟರ್ ಶಟ್‌ಡೌನ್ ಒತ್ತಿ, ಅದು ಪೂರ್ತಿ ಆರುವ ಮೊದಲೇ ಮೇನ್ ಸ್ವಿಚ್ ಕೆಳಗಿಳಿಸಿ ಬೀಗ ಹಾಕುವುದು ರೂಢಿ. ‘ಅಪ್‌ಡೇಟ್ ಆ್ಯಂಡ್ ಶಟ್‌ಡೌನ್’ ಎಂದು ಬಂದ ದಿನ ಇದು ನೇರ ಪೆಟ್ಟು. ಅಂಥ ಸಂಜೆ ಅರ್ಧ ಗಂಟೆ ಮೊದಲೇ ಒತ್ತಿ, ಆರುವ ತನಕ ಕಾಯಿರಿ. ಕರೆಂಟ್ ಹೋಗಿ ಬರುವ ಊರಾದರೆ ಡೆಸ್ಕ್‌ಟಾಪಿಗೆ ಯುಪಿಎಸ್ ಅಗತ್ಯ. ಅದರ ಬ್ಯಾಟರಿ ಕೆಲಸ ಮಾಡುತ್ತಿದೆಯೇ ಎಂದೂ ಆಗಾಗ ನೋಡಿ.

ಐದನೆಯದು ಶಾಲೆಗಳಿಗೆ. ಬೇಸಿಗೆ ರಜೆಯಲ್ಲಿ ಎರಡು ತಿಂಗಳು ಆರಿಸಿಟ್ಟ ಲ್ಯಾಬ್ ಕಂಪ್ಯೂಟರ್‌ಗಳು ಶಾಲೆ ತೆರೆದ ದಿನ ಒಟ್ಟಿಗೆ ಬಾಕಿ ತೀರಿಸಲು ಹೊರಡುತ್ತವೆ, ಮಕ್ಕಳು ನೀಲಿ ರೌಂಡು ನೋಡುತ್ತಾ ಕೂರುತ್ತಾರೆ. ತರಗತಿ ಶುರುವಾಗುವ ಎರಡು-ಮೂರು ದಿನ ಮೊದಲು ಆನ್ ಮಾಡಿ ಬಿಟ್ಟರೆ ಸಾಕು.

ಆರನೆಯದಕ್ಕೆ ಸ್ವಲ್ಪ ಹಣ ಬೇಕು. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿ, ರ್‍ಯಾಮ್ 8 ಜಿಬಿಗೆ ಏರಿಸಿ. ಹೊಸ ಕಂಪ್ಯೂಟರ್ ಕೊಳ್ಳುವ ಖರ್ಚಿನ ಸಣ್ಣ ಭಾಗದಲ್ಲಿ ಇದು ಮುಗಿಯುತ್ತದೆ, ಅಪ್‌ಡೇಟ್ ಹೊತ್ತಿನ ಹ್ಯಾಂಗ್‌ಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ. ಅಲ್ಲಿಯವರೆಗೆ ಸಿ ಡ್ರೈವ್‌ನಲ್ಲಿ 20 ಜಿಬಿಯಷ್ಟಾದರೂ ಖಾಲಿ ಇಡಿ. ಎರಡು ಆ್ಯಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ.

ಉಬುಂಟು ಬಳಸುವವರಿಗೂ ಮ್ಯಾಕ್ ಬಳಸುವವರಿಗೂ ತತ್ವ ಇದೇ. ಉಬುಂಟುವಿನಲ್ಲಿ ಹೊಸ ತಂತ್ರಾಂಶ ಹಾಕಲು ಹೋದಾಗ ‘ಲಾಕ್ ಸಿಗಲಿಲ್ಲ’ ಎಂದು ಬಂದರೆ ಹಿಂದೆ ಅಪ್‌ಡೇಟ್ ಓಡುತ್ತಿರಬಹುದು. ಲಾಕ್ ಫೈಲನ್ನು ಅಳಿಸದೆ ಕಾಯಿರಿ. ಮ್ಯಾಕ್‌ನಲ್ಲಿ ದೊಡ್ಡ ಅಪ್‌ಡೇಟ್ ಆದ ಮೇಲೆ ಸ್ಪಾಟ್‌ಲೈಟ್ ಸೂಚಿ ಹೊಸದಾಗುವ ತನಕ ಯಂತ್ರ ಬಿಸಿಯಾಗಿ ನಿಧಾನವಾಗುತ್ತದೆ. ರಾತ್ರಿ ಚಾರ್ಜಿಗೆ ಹಾಕಿ ಬಿಡಿ.

ಕಚೇರಿಯೊಂದರಲ್ಲಿ ಇದನ್ನೆಲ್ಲ ಜಾರಿಗೆ ತರಲು ದೊಡ್ಡ ತಂತ್ರಜ್ಞರು ಬೇಕಿಲ್ಲ. ಒಬ್ಬರಿಗೆ ಹೊಣೆ ಕೊಡಿ. ತಿಂಗಳ ಎರಡನೇ ಮಂಗಳವಾರ ಸಂಜೆ, ಹೆಚ್ಚು ಕೆಲಸವಿಲ್ಲದ ಒಂದು ಕಂಪ್ಯೂಟರಿಗೆ ಮಾತ್ರ ಅಪ್‌ಡೇಟ್ ಬರಲು ಬಿಟ್ಟು, ಉಳಿದವಕ್ಕೆ ಎರಡು ವಾರದ ಪಾಸ್ ಒತ್ತಲಿ. ಮೊದಲನೆಯದರಲ್ಲಿ ಪ್ರಿಂಟರ್, ಸ್ಕ್ಯಾನರ್, ಬೆರಳಚ್ಚು ಯಂತ್ರ, ಕನ್ನಡ ಟೈಪಿಂಗ್ ಎಲ್ಲ ಸರಿ ಇದೆಯೆಂದು ವಾರ ನೋಡಿ, ಮುಂದಿನ ವಾರದ ಬುಧವಾರ ಸಂಜೆ ಪಾಸ್ ತೆಗೆದು ಉಳಿದವಕ್ಕೂ ಹಾಕಲಿ. ಹಾಕುವ ಮೊದಲು ಮುಖ್ಯ ಫೈಲುಗಳ ಪ್ರತಿಯೊಂದನ್ನು ಹೊರಗಿನ ಡಿಸ್ಕ್‌ಗೆ ತೆಗೆದು, ಆ ಡಿಸ್ಕನ್ನು ಕಂಪ್ಯೂಟರಿನಿಂದ ಕಳಚಿಡಲಿ. ತಿಂಗಳಿಗೆ ಎರಡು ಸಂಜೆಯ ಈ ಕೆಲಸಕ್ಕೆ ಕಚೇರಿಯ ಕರ್ತವ್ಯಪಟ್ಟಿಯಲ್ಲಿ ಒಂದು ಹೆಸರು ಬರೆದರೆ, ಕೌಂಟರಿಗೆ ಬಂದವರನ್ನು ‘ನಾಳೆ ಬನ್ನಿ’ ಎಂದು ವಾಪಸ್ ಕಳಿಸುವ ಸಂದರ್ಭ ಬಹಳಷ್ಟು ಕಡಿಮೆಯಾಗುತ್ತದೆ.